ಕರೆಂಟ್ ಹೊಡೆದ ಮೇಲೆ ಬಂದ ಪೊರೆ: ಮಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನಮಗೆ ಸಿಕ್ಕ ಚಿಕಿತ್ಸೆ

ಮಂಗಳೂರಿನ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯಲ್ಲಿ ನಮ್ಮವರ ಬಲಗಣ್ಣಿನ ಪೊರೆ ತೆಗೆಸಿದೆವು. ಈಗ ಆ ಕಣ್ಣು ಚೆನ್ನಾಗಿ ಕಾಣುತ್ತದೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತಲೂ ಹೇಳುತ್ತೇನೆ.

ವಯಸ್ಸಾದವರ ಪೊರೆ ತೆಗೆಯುವ ಆಸ್ಪತ್ರೆಗಳು ಮಂಗಳೂರಿನಲ್ಲಿ ಬೇಕಾದಷ್ಟಿವೆ. ನಮ್ಮವರಿಗೆ 41 ವರ್ಷ. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ. ಈ ವಯಸ್ಸಿಗೆ ಪೊರೆ ಯಾಕೆ ಬಂತು ಎಂದು ಕೇಳುವವರು ನಮಗೆ ಬೇಕಿತ್ತು. ಕೇಳಿ, ಕಾರಣ ಹಿಡಿದು, ಕಣ್ಣಿನ ಹಿಂಭಾಗದವರೆಗೆ ನೋಡಿ, ಆಮೇಲೆ ಆಪರೇಷನ್ ಮಾಡುವವರು ಬೇಕಿತ್ತು. ಇಲ್ಲಿ ಸಿಕ್ಕಿದರು. ಆಸ್ಪತ್ರೆಯ ಹೆಸರು, ಡಾಕ್ಟರ ಹೆಸರು ಹಾಕುವುದಿಲ್ಲ. ಕೊರತೆಗಳನ್ನೂ ಹೇಳಲಿಕ್ಕಿದೆ. ಮತ್ತೆ, ನೀವು ಯಾವ ಕಣ್ಣಿನ ಆಸ್ಪತ್ರೆಗೆ ಹೋದರೂ ಏನು ಕೇಳಬೇಕು, ಏನು ಮಾಡಿಸಬೇಕು ಎಂದು ಗೊತ್ತಾದರೆ ಸಾಕು. ಕರೆಂಟ್ ಹೊಡೆದು ಬದುಕಿ ಬಂದವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮದು ಬೆಳ್ತಂಗಡಿ ತಾಲೂಕು, ಅಡಿಕೆ ತೋಟ. ತೋಟದ ಒಂದು ಬದಿಯಲ್ಲಿ 11 ಕೆ.ವಿ. (11 ಸಾವಿರ ವೋಲ್ಟ್) ಲೈನ್ ಹೋಗುತ್ತದೆ. ಕಳೆದ ವರ್ಷ ಜೂನ್‌ನಲ್ಲಿ ಕೊಳೆರೋಗಕ್ಕೆ ಮೊದಲ ಮದ್ದು ಬಿಡುವಾಗ ದೋಟಿಯಿಂದ (ಮದ್ದು ಬಿಡುವ ಉದ್ದದ ಕೋಲು) ಲೈನಿನ ಕರೆಂಟ್ ಹೊಡೆಯಿತು. ದೋಟಿ ತಂತಿಗೆ ಮುಟ್ಟಿತೋ, ಹತ್ತಿರ ಹೋದಾಗಲೇ ಕರೆಂಟ್ ಹಾರಿತೋ ಯಾರಿಗೂ ಗೊತ್ತಿಲ್ಲ. 11 ಕೆ.ವಿ.ಯಲ್ಲಿ ಮುಟ್ಟಲೇಬೇಕೆಂದಿಲ್ಲ. ದೋಟಿ ನಮ್ಮವರ ಬಲ ಹೆಗಲಿಗೆ ಒರಗಿತ್ತು. ಬಲಗೈ ಅಂಗೈ, ಕುತ್ತಿಗೆಯ ಬಲಬದಿ, ಎಡಗಾಲು ಸುಟ್ಟಿತು. ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಅಂಗೈಗೆ ತೊಡೆಯ ಚರ್ಮ ತೆಗೆದು ಹಚ್ಚಿದರು. ಜೀವ ಉಳಿದದ್ದು ದೊಡ್ಡದು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಈಗ ಎಲ್ಲರ ತೋಟದಲ್ಲೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಉದ್ದ, ಮರ ಹತ್ತುವ ಕಷ್ಟ ಇಲ್ಲ. ಅಲ್ಯೂಮಿನಿಯಂನಲ್ಲಿ ಮಾತ್ರ ಕರೆಂಟ್ ಹರಿಯುತ್ತದೆ, ಇದರಲ್ಲಿ ಹರಿಯುವುದಿಲ್ಲ ಎಂದು ಎಷ್ಟೋ ಜನ ನಂಬಿದ್ದಾರೆ. ಕಾರ್ಬನ್ ಫೈಬರಿನಲ್ಲೂ ಕರೆಂಟ್ ಹರಿಯುತ್ತದೆ. ಮೇಲಿನಿಂದ ಮದ್ದಿನ ನೀರು ಬೇರೆ ಇಳಿಯುತ್ತಿರುತ್ತದೆ. ಲೈನ್ ಪಕ್ಕದ ಸಾಲಿಗೆ ಮದ್ದು ಬಿಡುವ ದಿನ ಮೊದಲೇ ನಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂಗೆ ಹೇಳಿ, ಲೈನ್ ಆಫ್ ಆಗಿದೆ ಎಂದು ಖಾತ್ರಿ ಮಾಡಿಕೊಂಡೇ ಕೆಲಸ ಶುರು ಮಾಡಬೇಕು. ಅವರ ಸಹಾಯವಾಣಿ 1912. ಈಗ ನಮ್ಮಲ್ಲಿ ಹಾಗೆಯೇ ಮಾಡುತ್ತೇವೆ.

ಮೊದಲು ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲಿ ಸುಟ್ಟ ಗಾಯ ಚೆನ್ನಾಗಿ ನೋಡಿದರು. ಹೃದಯದ ಬಡಿತ ನೋಡಲು ಮಾನಿಟರ್ ಹಾಕಿದರು. ಮೂತ್ರದ ಬಣ್ಣ ದಿನವೂ ಕೇಳುತ್ತಿದ್ದರು. ಕರೆಂಟ್ ಹೊಡೆದಾಗ ಒಳಗಿನ ಮಾಂಸ ಸತ್ತರೆ ಅದರ ಕಸ ಕಿಡ್ನಿಗೆ ಹೋಗಿ ತೊಂದರೆ ಮಾಡುತ್ತದಂತೆ. ಅದನ್ನೆಲ್ಲ ಸರಿಯಾಗಿ ಮಾಡಿದರು, ಅವರಿಗೆ ಋಣಿ. ಆದರೆ ಕಣ್ಣಿನ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಡ್ರೆಸ್ಸಿಂಗ್, ಫಿಸಿಯೋಥೆರಪಿ, ಮಾತ್ರೆ ಎಲ್ಲ ಇತ್ತು. ಕಣ್ಣಿನ ಡಾಕ್ಟರಿಗೆ ತೋರಿಸಿ ಎಂಬ ಒಂದು ಸಾಲು ಇರಲಿಲ್ಲ. ನನಗೆ ಇವತ್ತಿಗೂ ಬೇಸರ ಇರುವುದು ಅದೊಂದರ ಬಗ್ಗೆ.

ನವೆಂಬರ್‌ನಲ್ಲಿ ತೊಂದರೆ ಗೊತ್ತಾಯಿತು. ಹೊಸ ಅಡಿಕೆ ಅಂಗಳಕ್ಕೆ ಬರುವ ಸಮಯ. ಹಳೆ ಅಡಿಕೆ ಸುಲಿದು ಆರಿಸುತ್ತಿದ್ದೆವು. ಒಳ್ಳೆಯ ಅಡಿಕೆ, ಕಡಿಮೆ ದರ್ಜೆಯ ಪಟೋರ, ಕರಿಗೋಟು ಬೇರೆ ಮಾಡುವುದರಲ್ಲಿ ನಮ್ಮ ಮನೆಯಲ್ಲಿ ಅವರಷ್ಟು ಚುರುಕು ಬೇರೆ ಯಾರೂ ಇಲ್ಲ. ಆ ಸಲ ಅವರು ಆರಿಸಿದ ರಾಶಿಯಲ್ಲಿ ಪಟೋರ ಸೇರಿತ್ತು. ಬಿಸಿಲಿನಲ್ಲಿ ಕೂತರೆ ಮಂಜು ಮಂಜು, ಜಗಲಿಗೆ ಬಂದರೆ ಸ್ವಲ್ಪ ವಾಸಿ ಎನ್ನುತ್ತಿದ್ದರು. ರಾತ್ರಿ ಬೈಕಿನಲ್ಲಿ ಬರುವಾಗ ಎದುರಿನ ಗಾಡಿಯ ಲೈಟು ಒಡೆದು ಹರಡಿದ ಹಾಗೆ ಕಾಣುತ್ತದೆ ಎಂದರು. ಊರಿನ ಗದ್ದೆಗೆ ಯಕ್ಷಗಾನ ಮೇಳ ಬಂದಾಗ ಆಟಕ್ಕೆ ಹೋದೆವು. ಮಧ್ಯರಾತ್ರಿ ದಾಟುವ ಮೊದಲೇ "ವೇಷದ ಮುಖ ಸರಿ ಕಾಣುವುದಿಲ್ಲ, ಹೋಗುವ" ಎಂದು ಎದ್ದರು. ಬೆಳಗಿನವರೆಗೆ ಕೂತು ನೋಡುವ ಮನುಷ್ಯ. ನನಗೆ ಭಯವಾದದ್ದು ಆಗ.

ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದರು. ನಲವತ್ತು ದಾಟಿದ ಮೇಲೆ ಇದೆಲ್ಲ ಬರುವುದೇ ಎಂದು ಕನ್ನಡಕ ಕೊಟ್ಟರು. ಹಾಕಿದರೂ ಮಂಜು ಹೋಗಲಿಲ್ಲ. ಕನ್ನಡಕದಲ್ಲಿ ಸರಿಯಾಗದ ಮಂಜು ಎಂದರೆ ಕಣ್ಣಿನಲ್ಲೇ ಬೇರೆ ಏನೋ ತೊಂದರೆ ಇರಬಹುದು ಎಂದು ಅರ್ಥ. ಅಲ್ಲಿಂದಲೇ ಕಣ್ಣಿನ ಡಾಕ್ಟರ ಹತ್ತಿರ ಕಳುಹಿಸಬೇಕಿತ್ತು. ಕಳುಹಿಸಲಿಲ್ಲ. ನನ್ನ ತಂಗಿ ಮಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ. ಅವಳೇ ಈ ಆಸ್ಪತ್ರೆಗೆ ಹೆಸರು ಬರೆಸಿದಳು.

ಮೊದಲು ಪವರ್ ನೋಡುವ ಹುಡುಗಿ ಅಕ್ಷರದ ಬೋರ್ಡ್ ಓದಿಸಿದಳು. ಕನ್ನಡ ಅಕ್ಷರದ ಬೋರ್ಡ್ ಇತ್ತು, ಸಂತೋಷವಾಯಿತು. ಬಲಗಣ್ಣು 6/36, ಎಡಗಣ್ಣು 6/9. ಅಂದರೆ ಸರಿ ಇರುವ ಕಣ್ಣು 36 ಮೀಟರಿನಿಂದ ಓದುವುದನ್ನು ಇವರ ಬಲಗಣ್ಣಿಗೆ 6 ಮೀಟರಿಗೆ ತಂದು ತೋರಿಸಬೇಕು. ಆಮೇಲೆ ಕಣ್ಣಿನ ಒತ್ತಡ ನೋಡಿದರು. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕು, ಇವರದು ಸರಿ ಇತ್ತು.

ಡಾಕ್ಟರು ಹೆಂಗಸು, ನಡುವಯಸ್ಸು. ಯಂತ್ರದಲ್ಲಿ ಗಲ್ಲ ಇಡಿಸಿ ಸ್ವಲ್ಪ ಹೊತ್ತು ನೋಡಿದರು. ಮಾತಿಲ್ಲ. ಆಮೇಲೆ ಮುಖ ಎತ್ತಿ ಕೇಳಿದರು. "ತಲೆಗೆ ಪೆಟ್ಟು ಬಿದ್ದಿತ್ತಾ? ಯಾವುದಾದರೂ ಕಾಯಿಲೆಗೆ ತುಂಬ ದಿನ ಸ್ಟಿರಾಯ್ಡ್ ಮಾತ್ರೆ ತಗೊಂಡಿದ್ರಾ? ಕರೆಂಟ್ ಹೊಡೆದಿತ್ತಾ, ಸಿಡಿಲು?" ನಮ್ಮವರು ಅಂಗೈ ತಿರುಗಿಸಿ ತೋರಿಸಿದರು. ಡಾಕ್ಟರು ಎದ್ದು ಬಂದು ಕುತ್ತಿಗೆಯ ಕಲೆ ನೋಡಿದರು. ಯಾವ ತಿಂಗಳು, ಎಷ್ಟು ವೋಲ್ಟ್, ಎಚ್ಚರ ತಪ್ಪಿತ್ತಾ, ಎಲ್ಲಿಂದ ಒಳಗೆ ಹೋಯಿತು, ಎಲ್ಲಿಂದ ಹೊರಗೆ ಬಂತು, ಎಲ್ಲ ಬರೆದುಕೊಂಡರು. ಈ ಆಸ್ಪತ್ರೆಗೆ ನಾನು ಅಂಕ ಕೊಡುವುದು ಮೊದಲು ಈ ಪ್ರಶ್ನೆಗೆ. ನಾವು ಹೇಳದೆಯೇ ಅವರು ಕೇಳಿದರು.

ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಲು ಹೊರಗೆ ಕೂರಿಸಿದರು. ಎರಡೂ ಕಣ್ಣಿಗೆ ಹಾಕಿದರು. ತೊಂದರೆ ಬಲಗಣ್ಣಿಗೆ ಮಾತ್ರ ಅಲ್ವಾ ಎಂದು ಕೇಳಿದೆ. "ಕರೆಂಟ್ ಹೊಡೆದವರಿಗೆ ಎರಡೂ ನೋಡಲೇಬೇಕು ಅಕ್ಕ" ಎಂದರು ಸಿಸ್ಟರ್. ಅವರು ಹೇಳಿದ್ದೇ ಸರಿ. ಎಡಗಣ್ಣಿನಲ್ಲೂ ಸಣ್ಣ ಸಣ್ಣ ಚುಕ್ಕೆ ಇತ್ತು. ನಮ್ಮವರಿಗೆ ಅದು ಗೊತ್ತೇ ಆಗಿರಲಿಲ್ಲ.

ಕಾಯುವಾಗ ಪಕ್ಕದಲ್ಲಿ ಬೈಕಂಪಾಡಿಯ ವೆಲ್ಡಿಂಗ್ ಕೆಲಸದ ಹುಡುಗ ಕೂತಿದ್ದ. ಕಣ್ಣು ಬಿಡಲಿಕ್ಕೆ ಆಗುತ್ತಿರಲಿಲ್ಲ, ನೀರು ಸುರಿಯುತ್ತಿತ್ತು. ಹಿಂದಿನ ದಿನ ಮುಖಕ್ಕೆ ಗ್ಲಾಸ್ ಹಿಡಿಯದೆ ಕೆಲಸ ಮಾಡಿದ್ದನಂತೆ. ಸಂಜೆ ಏನೂ ಇಲ್ಲ, ಮಧ್ಯರಾತ್ರಿ ಉರಿ ಶುರು. ಅವನದೂ ಕರೆಂಟಿನದೇ ತೊಂದರೆ ಅಂದುಕೊಂಡೆ. ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ವೆಲ್ಡಿಂಗ್ ಬೆಳಕಿನಲ್ಲಿ ಕಣ್ಣಿನ ಹೊರಪದರ ಮಾತ್ರ ಸುಡುತ್ತದೆ. ಕೆಲವು ಗಂಟೆ ಬಿಟ್ಟು ನೋವು ಬರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ನಮ್ಮವರದು ಬೇರೆ. ಕರೆಂಟ್ ಮೈಯೊಳಗೆ ಹರಿದು ಹೋಗಿದೆ. ನೋವು ಇಲ್ಲ, ಕೆಂಪು ಇಲ್ಲ, ತಿಂಗಳುಗಟ್ಟಲೆ ಸುಮ್ನೆ ಇದ್ದು ಆಮೇಲೆ ಮಂಜು ಶುರುವಾಗುತ್ತದೆ. ಆ ಹುಡುಗನ ಅಮ್ಮ ರಾತ್ರಿ ಎದೆಹಾಲು ಬಿಡಲು ಯಾರನ್ನೋ ಹುಡುಕಿದ್ದರಂತೆ. ಏನೂ ಬಿಡಬೇಡಿ, ಮೆಡಿಕಲ್‌ನಿಂದ ಮರಗಟ್ಟಿಸುವ ಡ್ರಾಪ್ಸ್ ತಂದು ನೀವೇ ಹಾಕಿಕೊಳ್ಳುವುದಂತೂ ಬೇಡವೇ ಬೇಡ ಎಂದು ಸಿಸ್ಟರ್ ಅವರಿಗೆ ತಾಳ್ಮೆಯಿಂದ ಹೇಳುತ್ತಿದ್ದರು.

ಪಾಪೆ ಅಗಲವಾದ ಮೇಲೆ ಡಾಕ್ಟರು ಒಳಗೆ ಕರೆದು ಕಣ್ಣಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ನನ್ನನ್ನೂ ಹತ್ತಿರ ಕರೆದರು. ಬಲಗಣ್ಣಿನ ಮಸೂರದ ಮುಂಭಾಗದಲ್ಲಿ, ಅದರ ತೆಳು ಚೀಲದ ಒಳಗೇ, ಬಿಳಿ ಚುಕ್ಕೆಗಳು ಕೂಡಿಕೊಂಡಿದ್ದವು. ನಡುವೆ ನಕ್ಷತ್ರದ ಆಕಾರದ ಎಳೆ. ಹಿಂಭಾಗದಲ್ಲೂ ಒಂದು ತೆಳು ಪದರ. ವಯಸ್ಸಾದವರ ಪೊರೆ ಹೆಚ್ಚಾಗಿ ಹೀಗೆ ಇರುವುದಿಲ್ಲ ಎಂದರು. ಬಿಸಿಲಿನಲ್ಲಿ ಪಾಪೆ ಚಿಕ್ಕದಾಗುತ್ತದೆ, ಆಗ ನಡುವಿನ ಬಿಳಿ ಭಾಗದ ಮೂಲಕವೇ ನೋಡಬೇಕು. ಹಾಗಾಗಿ ಅಂಗಳದಲ್ಲಿ ಮಂಜು, ಜಗಲಿಯಲ್ಲಿ ವಾಸಿ. ಇಷ್ಟು ಸರಳವಾಗಿ ಹೇಳಿದರು. ತಿಂಗಳುಗಟ್ಟಲೆ ನಮ್ಮನ್ನು ಕಾಡಿದ ಪ್ರಶ್ನೆ ಅದು.

ಕುತ್ತಿಗೆಯಲ್ಲಿ ಹೋದ ಕರೆಂಟಿಗೆ ಕಣ್ಣಿನಲ್ಲಿ ಏನು ಕೆಲಸ ಎಂದು ನಮ್ಮವರು ಕೇಳಿದರು. ಡಾಕ್ಟರು ಬಿಡಿಸಿ ಹೇಳಿದರು: ಕಣ್ಣಿನ ಮಸೂರ ಎಂದರೆ ಹೆಚ್ಚಾಗಿ ನೀರು ಮತ್ತು ಪ್ರೋಟೀನ್. ಅದಕ್ಕೆ ರಕ್ತನಾಳ ಇಲ್ಲ. ಕರೆಂಟ್ ಹರಿದಾಗ ಆ ಪ್ರೋಟೀನ್ ಕೆಡುತ್ತದೆ, ಮಸೂರದ ಚೀಲವೂ ಕೆಟ್ಟು ಒಳಗೆ ನೀರು ಇಳಿಯುತ್ತದೆ. ಮೊಟ್ಟೆಯ ಲೋಳೆ ಕಾದಾಗ ಬಿಳಿಯಾಗುತ್ತದೆ, ಮತ್ತೆ ತಿಳಿಯಾಗುವುದಿಲ್ಲ, ಇದೂ ಹಾಗೆ ಎಂದರು. ತಲೆ, ಮುಖ, ಕುತ್ತಿಗೆ, ಹೆಗಲು, ಇಲ್ಲಿ ಎಲ್ಲಿಯಾದರೂ ಕರೆಂಟ್ ತಾಗಿದರೆ ಅಪಾಯ ಜಾಸ್ತಿ. ತಾಗಿದ ಬದಿಯ ಕಣ್ಣಿಗೆ ಹೆಚ್ಚು. ಹೈಟೆನ್ಷನ್ ಆದರೆ ಇನ್ನೂ ಹೆಚ್ಚು. ಮನೆಯ 230 ವೋಲ್ಟಿನಿಂದಲೂ ಪೊರೆ ಬಂದ ಉದಾಹರಣೆ ಇದೆಯಂತೆ, ಆದರೆ ಕಡಿಮೆ. ಸಾಮಾನ್ಯವಾಗಿ ಕೆಲವು ತಿಂಗಳಿಂದ ಒಂದೂವರೆ ವರ್ಷದ ಒಳಗೆ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಕೂಡಲೇ, ಕೆಲವರಿಗೆ ಹಲವು ವರ್ಷ ಬಿಟ್ಟು ಬಂದದ್ದೂ ಇದೆ.

ಇದು ಹೊಸ ಸಂಗತಿಯೇ ಎಂದು ಕೇಳಿದೆ. ಅಲ್ಲ ಎಂದರು. ಸಿಡಿಲು ಬಡಿದವರಿಗೆ ಪೊರೆ ಬಂದದ್ದನ್ನು ಫ್ರಾನ್ಸಿನ ಕಣ್ಣಿನ ವೈದ್ಯ ಸೇಂಟ್ ಈವ್ 1722ರಲ್ಲಿಯೇ ಬರೆದಿಟ್ಟಿದ್ದಾರೆ. ಕರೆಂಟ್ ಲೈನಿನಿಂದ ಬಂದ ಪೊರೆಯ ವರದಿ 1905ರಲ್ಲಿ ಬಂತು. ನೂರು ವರ್ಷಕ್ಕೂ ಹಿಂದೆ ಗೊತ್ತಿದ್ದ ವಿಷಯ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲಾಗಿ ಬರಬಾರದೇ? ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಮೊದಲು ಮತ್ತು ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಸಿಡಿಲು ಕಡಿಮೆಯೇ? ತೋಟದಲ್ಲಿ, ಪಂಪ್ ಶೆಡ್ಡಿನಲ್ಲಿ, ಕಟ್ಟಡದ ಕೆಲಸದಲ್ಲಿ ಶಾಕ್ ಹೊಡೆಸಿಕೊಳ್ಳುವವರು ಕಡಿಮೆಯೇ?

ಪೊರೆ ಕಂಡಿತು, ತೆಗೆದುಬಿಡುವ ಎಂದು ಅವರು ಹೇಳಲಿಲ್ಲ. ಇದು ನನಗೆ ತುಂಬ ಇಷ್ಟವಾದ ಸಂಗತಿ. ಕರೆಂಟ್ ಮಸೂರವನ್ನು ಮಾತ್ರ ಕೆಡಿಸುವುದಿಲ್ಲ. ಕಣ್ಣಿನೊಳಗೆ ಉರಿಯೂತ ಬರಬಹುದು. ಕಣ್ಣಿನ ಹಿಂಭಾಗದ ಅಕ್ಷಿಪಟಲದ (ರೆಟಿನಾ) ನಡುಭಾಗ ಊದಬಹುದು, ಅಲ್ಲಿ ತೂತು ಬೀಳಬಹುದು, ಪಟಲ ಕಳಚಲೂಬಹುದು. ಕಣ್ಣಿನ ನರಕ್ಕೆ ಪೆಟ್ಟಾಗಬಹುದು. ಹಿಂಭಾಗ ಹಾಳಾಗಿದ್ದರೆ ಮುಂಭಾಗದ ಮಸೂರ ಬದಲಾಯಿಸಿ ಏನು ಪ್ರಯೋಜನ? ಹಾಗಾಗಿ ಡ್ರಾಪ್ಸ್ ಹಾಕುವ ಮೊದಲೇ ಟಾರ್ಚ್ ಬಿಟ್ಟು ಪಾಪೆ ಎರಡೂ ಸರಿ ಕುಗ್ಗುತ್ತದೆಯೇ ನೋಡಿದ್ದರು. ಬಣ್ಣದ ಚುಕ್ಕೆಗಳ ಪುಸ್ತಕ ಓದಿಸಿದರು, ನರ ಕೆಟ್ಟರೆ ಬಣ್ಣ ಮಾಸುತ್ತದಂತೆ. ಒ.ಸಿ.ಟಿ. ಸ್ಕ್ಯಾನ್ ಮಾಡಿ ನಡುಭಾಗದ ಪದರಗಳನ್ನು ನೋಡಿದರು. ಬಲಗಣ್ಣಿನ ಚಿತ್ರ ಪೊರೆಯಿಂದಾಗಿ ಸ್ವಲ್ಪ ಮಸುಕಾಗಿ ಬಂತು. ಅದಕ್ಕೆ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಬಿ-ಸ್ಕ್ಯಾನ್ ಕೂಡ ಮಾಡಿದರು, ಹೊಟ್ಟೆಗೆ ಮಾಡುವ ಸ್ಕ್ಯಾನಿಂಗಿನದೇ ತರಹ. ಪಟಲ ಅದರ ಜಾಗದಲ್ಲೇ ಇತ್ತು. ಅದನ್ನು ಕೇಳಿದ ಮೇಲೆ ನಮಗೆ ಉಸಿರು ಬಂತು.

ಆದರೂ ಕೂಡಲೇ ಆಪರೇಷನ್ ಇಲ್ಲ. ಪೊರೆ ಇನ್ನೂ ಬೆಳೆಯುತ್ತಿದೆ, ಕೆಲವು ವಾರ ನೋಡುವ ಎಂದರು. ಒಳಗೆ ಉರಿಯೂತ ಇಲ್ಲ ಎಂದು ಇನ್ನೊಮ್ಮೆ ಖಚಿತ ಮಾಡಿಕೊಂಡರು. ಅಷ್ಟರವರೆಗೆ ರಾತ್ರಿ ಬೈಕ್ ಬೇಡ, ಬಿಸಿಲಿಗೆ ಅಂಚಿನ ಟೊಪ್ಪಿ ಮತ್ತು ಕಪ್ಪು ಕನ್ನಡಕ ಹಾಕಿ ಎಂದು ಹೇಳಿ ಕಳುಹಿಸಿದರು. ಪೊರೆ ಕರಗಿಸುವ ಡ್ರಾಪ್ಸ್ ಇದೆಯೇ ಎಂದು ಅತ್ತೆ ಕೇಳಿಸಿದ್ದರು. ಇಲ್ಲ, ಅಂಥ ಮದ್ದಿಗೆ ದುಡ್ಡು ಹಾಕಬೇಡಿ ಎಂದು ನೇರವಾಗಿ ಹೇಳಿದರು.

ಫೆಬ್ರವರಿಯಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಹಿಂದಿನ ಭೇಟಿಯಲ್ಲಿ ಡಾಕ್ಟರು ಇಬ್ಬರನ್ನೂ ಕೂರಿಸಿ ಏನೆಲ್ಲ ಆಗಬಹುದು ಎಂದು ಹೇಳಿದ್ದರು. ಇಂಥ ಕಣ್ಣಿನಲ್ಲಿ ಮಸೂರದ ಚೀಲ ಕೆಲವೊಮ್ಮೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಬಿಡಿಸುವುದು ಸ್ವಲ್ಪ ಕಷ್ಟ, ಸಮಯ ಹೆಚ್ಚು ಹಿಡಿಯಬಹುದು ಎಂದಿದ್ದರು. ಹಾಗಾಗಿ ಆ ದಿನ ಬಾಗಿಲ ಹೊರಗೆ ತಡವಾದಾಗಲೂ ನಾನು ಗಾಬರಿಯಾಗಲಿಲ್ಲ. ಮಾಡುವ ಕ್ರಮ ಎಲ್ಲರಿಗೂ ಮಾಡುವುದೇ. ಮೂರು ಮಿಲಿಮೀಟರಿಗಿಂತ ಸಣ್ಣ ತೂತು, ಪೊರೆಯನ್ನು ಶಬ್ದದ ಅಲೆಯಲ್ಲಿ ಪುಡಿ ಮಾಡಿ ಹೀರಿ ತೆಗೆದು ಮಡಚುವ ಲೆನ್ಸ್ ಕೂರಿಸುವುದು. ಹೊಲಿಗೆ ಇಲ್ಲ. ಅದೇ ಸಂಜೆ ತಂಗಿಯ ಮನೆಗೆ ಹೋದೆವು.

ಲೆನ್ಸ್ ಆಯ್ಕೆಯ ವಿಷಯದಲ್ಲಿ ಒಂದು ತಕರಾರಿದೆ. ಡಾಕ್ಟರು ಒಂದೇ ದೂರಕ್ಕೆ ಕಾಣುವ ಸಾಮಾನ್ಯ ಮಡಚುವ ಲೆನ್ಸ್ ಸಾಕು ಎಂದಿದ್ದರು. ಹಣದ ಲೆಕ್ಕ ಹೇಳುವ ಕೋಣೆಯಲ್ಲಿ ಕೂತವರು ದೂರಕ್ಕೂ ಹತ್ತಿರಕ್ಕೂ ಕಾಣುವ ದುಬಾರಿ ಲೆನ್ಸಿನ ಬಗ್ಗೆಯೇ ಮತ್ತೆ ಮತ್ತೆ ಹೇಳಿದರು. "ವಯಸ್ಸು ಚಿಕ್ಕದು ಅಣ್ಣ, ಮುಂದೆ ಕನ್ನಡಕವೇ ಬೇಡ" ಎಂದರು. ನಾನು ಎದ್ದು ಹೋಗಿ ಡಾಕ್ಟರನ್ನೇ ಕೇಳಿದೆ. ಅಕ್ಷಿಪಟಲಕ್ಕೋ ನರಕ್ಕೋ ಮುಂದೆ ತೊಂದರೆ ಬರುವ ಸಾಧ್ಯತೆ ಇರುವ ಕಣ್ಣಿಗೆ ಆ ಲೆನ್ಸ್ ಹಾಕುವುದಿಲ್ಲ, ರಾತ್ರಿ ಲೈಟು ಹರಡುವ ತೊಂದರೆಯೂ ಅದರಲ್ಲಿ ಜಾಸ್ತಿ ಎಂದು ಅವರು ಮತ್ತೆ ಸ್ಪಷ್ಟವಾಗಿ ಹೇಳಿದರು. ಲೈಟು ಹರಡುತ್ತದೆ ಎಂದೇ ಬಂದವರಿಗೆ ಅದನ್ನು ಮಾರಲು ಹೊರಡುವುದು ಸರಿಯಲ್ಲ. ಡಾಕ್ಟರ ಮಾತು ಮತ್ತು ಲೆಕ್ಕದ ಕೋಣೆಯ ಮಾತು ಒಂದೇ ಆಗಿರಬೇಕು. ಎಲ್ಲರಿಗೂ ಎದ್ದು ಹೋಗಿ ಕೇಳುವ ಧೈರ್ಯ ಇರುವುದಿಲ್ಲ. ಸಾಮಾನ್ಯ ಲೆನ್ಸಿನಲ್ಲಿ ಓದಲಿಕ್ಕೆ, ಅಡಿಕೆ ಆರಿಸಲಿಕ್ಕೆ ಕನ್ನಡಕ ಬೇಕು. ಅದನ್ನು ಮೊದಲೇ ಹೇಳಿದ್ದರು, ನಾವು ಒಪ್ಪಿಯೇ ಹಾಕಿಸಿದ್ದು. ಪರೀಕ್ಷೆ, ಆಪರೇಷನ್, ಲೆನ್ಸ್, ಮದ್ದು ಎಲ್ಲ ಸೇರಿ ನಮಗೆ 35 ಸಾವಿರ ರೂಪಾಯಿಯ ಒಳಗೆ ಆಯಿತು. ಬರೆದುಕೊಟ್ಟ ಅಂದಾಜಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ.

ಆಮೇಲಿನ ಆರೈಕೆಗೆ ಪೂರ್ತಿ ಅಂಕ. ಡ್ರಾಪ್ಸ್ ವಾರ ವಾರಕ್ಕೆ ಕಡಿಮೆ ಮಾಡುತ್ತಾ ಹೋಗುವ ಪಟ್ಟಿ ಇರುತ್ತದೆ. ಅತ್ತೆಗೆ ತುಳು ಬಿಟ್ಟರೆ ಬೇರೆ ಭಾಷೆ ಸರಿಯಾಗಿ ಬರುವುದಿಲ್ಲ. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಡ್ರಾಪ್ಸ್ ಬಿಡಬೇಕಾದವರು ಅವರೇ. ಸಿಸ್ಟರ್ ಅವರನ್ನು ಪಕ್ಕದಲ್ಲಿ ಕೂರಿಸಿ ತುಳುವಿನಲ್ಲೇ ಹೇಳಿಕೊಟ್ಟರು. ಕೈ ತೊಳೆಯುವುದು, ಕೆಳರೆಪ್ಪೆ ಎಳೆಯುವುದು, ಬಾಟಲಿಯ ತುದಿ ಕಣ್ಣಿಗೆ ತಾಗಿಸದಿರುವುದು, ಒಂದು ಮದ್ದಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡುವುದು. ಅತ್ತೆಯ ಕೈಯಲ್ಲೇ ಒಮ್ಮೆ ಬಿಡಿಸಿ ನೋಡಿದರು. ಮುಚ್ಚಳದ ಬಣ್ಣ ಹೇಳಿ ನೆನಪಿಡಲು ಕಲಿಸಿದರು. ಇಷ್ಟು ತಾಳ್ಮೆ ನಾನು ಬೇರೆ ಕಡೆ ಕಂಡಿಲ್ಲ. ನಮ್ಮವರಿಗೆ ತಲೆಗೆ ನೀರು ಬೇಡ, ಭಾರ ಎತ್ತುವುದು ಬೇಡ, ಅಡಿಕೆ ಸುಲಿಯುವ ಕಡೆ ಕೂರುವುದು ಬೇಡ ಎಂದರು. ಸುಲಿಯುವಾಗ ಏಳುವ ಧೂಳಿನ ಬಗ್ಗೆ ಅವರೇ ಕೇಳಿ ಹೇಳಿದ್ದು. ತೋಟದವರ ಮನೆ ಗೊತ್ತಿರುವವರು.

ಬಲಗಣ್ಣು ಈಗ 6/6 ಓದುತ್ತದೆ. ರಾತ್ರಿ ಬೈಕ್ ಓಡಿಸುತ್ತಾರೆ. ಮುಂದೆ ಯಾವಾಗಲಾದರೂ ಲೆನ್ಸಿನ ಹಿಂದಿನ ಪದರ ಮತ್ತೆ ಮಸುಕಾಗಬಹುದು, ಆಗ ಲೇಸರಿನಲ್ಲಿ ಸರಿ ಮಾಡಬಹುದು, ಹೆದರಬೇಡಿ ಎಂದಿದ್ದಾರೆ. ಆದರೆ ಕೆಲವು ಲಕ್ಷಣ ಕಂಡರೆ ಅದೇ ದಿನ ಬರಬೇಕು ಎಂದು ಕನ್ನಡದಲ್ಲಿ ಬರೆದುಕೊಟ್ಟರು. ಕಣ್ಣೆದುರು ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲುವುದು, ಮಿಂಚು ಹೊಡೆದ ಹಾಗಾಗುವುದು, ಒಂದು ಬದಿಯಿಂದ ಪರದೆ ಇಳಿದ ಹಾಗಾಗುವುದು, ನೋವಿನ ಜೊತೆ ಕಣ್ಣು ಕೆಂಪಾಗುವುದು, ಬಣ್ಣ ಮಾಸುವುದು, ಗೆರೆಗಳು ಡೊಂಕಾಗಿ ಕಾಣುವುದು. ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಕರೆಂಟ್ ಹೊಡೆದ ಯಾರಿಗೇ ಆದರೂ ಆಪರೇಷನ್ ಆಗಿರಲಿ, ಆಗದಿರಲಿ, ಇದೇ ಪಟ್ಟಿ.

ಇನ್ನು ಕೊರತೆಗಳು. ಕಾಯಿಸುವುದು ತುಂಬ ಜಾಸ್ತಿ. ಸಮಯ ಬರೆಸಿ ಹೋದರೂ ಮಧ್ಯಾಹ್ನ ಆಗುತ್ತದೆ. ಡ್ರಾಪ್ಸ್ ಹಾಕಿದ ಮೇಲೆ ಕಣ್ಣು ಬಿಡಲಾಗದೆ ಕೂತವರಿಗೆ ಕಿಟಕಿಯ ಪರದೆ ಸಾಲದು, ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಆಪರೇಷನ್ನಿನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದೆ. ಡಾಕ್ಟರು ಕನ್ನಡದಲ್ಲಿ ಎಲ್ಲ ಹೇಳಿದ್ದು ನಿಜ, ಆದರೆ ಸಹಿ ಹಾಕುವ ಕಾಗದವೂ ಕನ್ನಡದಲ್ಲಿರಬೇಕು. ಬೋರ್ಡ್ ಕನ್ನಡದಲ್ಲಿ ಮಾಡಿದವರಿಗೆ ಇದು ದೊಡ್ಡ ಕೆಲಸವಲ್ಲ. ರಾತ್ರಿ ಫೋನ್ ಮಾಡಿದರೆ ಕೆಲವೊಮ್ಮೆ ಎತ್ತುವುದಿಲ್ಲ. ಅಂಥ ಲಕ್ಷಣಗಳ ಪಟ್ಟಿ ಕೊಟ್ಟ ಮೇಲೆ ರಾತ್ರಿಯೂ ಯಾರಾದರೂ ಫೋನ್ ಎತ್ತಲೇಬೇಕು. ಕಡಿಮೆ ಮಾಡಿದ ಒಂದು ಅಂಕ ಇದಕ್ಕೆ ಮತ್ತು ಲೆಕ್ಕದ ಕೋಣೆಗೆ.

ನೀವು ಬೇರೆ ಆಸ್ಪತ್ರೆಗೆ ಹೋಗುವುದಾದರೂ ಇದನ್ನು ನೆನಪಿಡಿ. ಕರೆಂಟ್ ಹೊಡೆದವರಿಗೆ ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ, ಸುಟ್ಟ ಗಾಯದ ವಾರ್ಡಿನಲ್ಲಿ ಇರುವಾಗಲೇ ಒಮ್ಮೆ ಕಣ್ಣಿನ ಡಾಕ್ಟರನ್ನು ಕರೆಸಿ ಎಂದು ಕೇಳಿ. ಪಾಪೆ ಅಗಲ ಮಾಡಿ ಎರಡೂ ಕಣ್ಣು ನೋಡಬೇಕು. ಆ ದಿನ ಏನು ಕಂಡಿತು ಎಂದು ಬರೆಸಿಕೊಳ್ಳಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ಆಮೇಲೆ ಕೆಲವು ತಿಂಗಳಿಗೊಮ್ಮೆ, ಕನಿಷ್ಠ ಎರಡು ವರ್ಷ ತೋರಿಸುತ್ತಾ ಇರಿ ಎಂದು ನಮ್ಮ ಡಾಕ್ಟರು ಹೇಳಿದ್ದು. ಕೆಲಸದ ಜಾಗದಲ್ಲಿ ಆದ ಅಪಘಾತವಾದರೆ ಪರಿಹಾರದ ಅರ್ಜಿಗೂ ಆ ಕಾಗದ ಬೇಕು. ಗಾಯ ಆದ ತಿಂಗಳುಗಳ ನಂತರ ಬರುವ ಪೊರೆಯನ್ನು ಅದೇ ಅಪಘಾತದ್ದು ಎಂದು ತೋರಿಸಲು ಅದು ಸಹಾಯವಾಗುತ್ತದೆ.

ನಮ್ಮವರ ಎಡಗಣ್ಣಿನ ಚುಕ್ಕೆಗಳು ಇಲ್ಲಿಯವರೆಗೆ ದೊಡ್ಡದಾಗಿಲ್ಲ. ಪ್ರತಿ ಸಲ ಚಿತ್ರ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಬೆಳೆದರೆ ಅದನ್ನೂ ಇಲ್ಲಿಯೇ ಮಾಡಿಸುತ್ತೇವೆ. ಹೋಗುವವರು ಸೋಮವಾರ ಬಿಟ್ಟು ಬೇರೆ ದಿನ ಹೋಗಿ, ಆಗ ಜನ ಕಡಿಮೆ. ಹಳೆಯ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಇ.ಸಿ.ಜಿ., ಈಗ ತಗೊಳ್ಳುವ ಮಾತ್ರೆಗಳು ಎಲ್ಲ ಜೊತೆಗಿರಲಿ. ಡ್ರಾಪ್ಸ್ ಹಾಕಿದ ದಿನ ಪರೀಕ್ಷೆ ಮಾಡಿಸಿಕೊಂಡವರು ಗಾಡಿ ಓಡಿಸುವ ಹಾಗಿಲ್ಲ, ಜೊತೆಗೆ ಒಬ್ಬರು ಬೇಕು. ಬೆಳ್ತಂಗಡಿ, ಬಂಟ್ವಾಳ ಕಡೆಯಿಂದ ಬರುವವರು ಬೆಳಗ್ಗಿನ ಮೊದಲ ಬಸ್ಸುಗಳಲ್ಲೇ ಹೊರಟರೆ ಒಳ್ಳೆಯದು. ತಡವಾಗಿ ಹೋದವರಿಗೆ ಸ್ಕ್ಯಾನ್ ಮರುದಿನಕ್ಕೆ ಹೋಗುತ್ತದೆ.